ಗೇರ್ ಪಿಯಿಂದ ಬರುತ್ತಿಲ್ಲ, ಗಾಡಿ ಜಾರುತ್ತಿದೆ: ಗುಡ್ಡದ ದಾರಿಯಲ್ಲಿ ಆಟೋಮ್ಯಾಟಿಕ್ ಕಾರಿನ ದೋಷ ಹುಡುಕುವ ಕ್ರಮ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಈಗ ಆಟೋಮ್ಯಾಟಿಕ್ ಕಾರುಗಳು ಎಲ್ಲ ಮನೆಯಂಗಳದಲ್ಲೂ ಕಾಣುತ್ತವೆ. ಅದರ ಜೊತೆಗೇ ಎರಡು ದೂರುಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಒಂದು, ಏರಿನಲ್ಲಿ ನಿಲ್ಲಿಸಿದ ಗಾಡಿಯ ಗೇರ್ ಲಿವರ್ ಪಿ, ಅಂದರೆ ಪಾರ್ಕ್ ಸ್ಥಾನದಿಂದ ಅಲ್ಲಾಡುವುದೇ ಇಲ್ಲ. ಇನ್ನೊಂದು, ಪಿಯಲ್ಲಿ ಹಾಕಿಯೇ ಇಳಿದಿದ್ದೆ, ಆದರೂ ಗಾಡಿ ಜಾರಿತು. ಎರಡೂ ದೂರುಗಳ ಹಿಂದೆ ಬಹುತೇಕ ಒಂದೇ ತಪ್ಪು ತಿಳಿವಳಿಕೆ ಇದೆ: ಪಿ ಎಂದರೆ ಬ್ರೇಕ್ ಎಂದು ನಂಬಿರುವುದು. ಪಿ ಬ್ರೇಕ್ ಅಲ್ಲ. ಗೇರ್‌ಬಾಕ್ಸಿನ ಒಳಗೆ ಹಲ್ಲುಗಳಿರುವ ಒಂದು ಚಕ್ರ ಇರುತ್ತದೆ. ಪಿಗೆ ಹಾಕಿದಾಗ ಬೆರಳಿನಷ್ಟು ದಪ್ಪದ ಒಂದು ಉಕ್ಕಿನ ಕೊಕ್ಕೆ ಆ ಹಲ್ಲುಗಳ ನಡುವೆ ಬೀಳುತ್ತದೆ. ಪಾರ್ಕಿಂಗ್ ಪಾಲ್ ಎಂದು ಕರೆಯುವುದು ಇದನ್ನೇ. ನಿಂತ ಗಾಡಿ ಕದಲದ ಹಾಗೆ ಕಾಯುವುದು ಅದರ ಕೆಲಸ. ಗಾಡಿಯ ಭಾರ ಹೊರುವುದು ಹ್ಯಾಂಡ್‌ಬ್ರೇಕಿನ ಕೆಲಸ.

ಲೆಕ್ಕ ಹಾಕಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ನಾಲ್ಕು ಜನ, ಸಾಮಾನು ಸೇರಿ 1,500 ಕಿಲೋ ತೂಗುವ ಕಾರನ್ನು ಹತ್ತಡಿಗೆ ಒಂದಡಿ ಏರುವ ದಾರಿಯಲ್ಲಿ ನಿಲ್ಲಿಸಿದರೆ, ಅದನ್ನು ಕೆಳಗೆ ಎಳೆಯುವ ಬಲ ಸುಮಾರು 150 ಕಿಲೋ ಭಾರಕ್ಕೆ ಸಮ. ನಮ್ಮ ತೋಟದ ದಾರಿಗಳಲ್ಲಿ ಇದಕ್ಕಿಂತ ಕಡಿದಾದ ಏರುಗಳು ಎಷ್ಟೋ ಇವೆ. ಹ್ಯಾಂಡ್‌ಬ್ರೇಕ್ ಎಳೆಯದೆ ಪಿಗೆ ಹಾಕಿ ಬ್ರೇಕ್ ಪೆಡಲ್ ಬಿಟ್ಟರೆ ಆ ಎಳೆತವನ್ನೆಲ್ಲ ಆ ಕೊಕ್ಕೆಯೊಂದೇ ತಡೆಯಬೇಕು.

ಮೊದಲು ಮಾಡಬೇಕಾದ್ದು

ದೋಷ ಯಾವುದೇ ಇರಲಿ, ಹುಡುಕುವ ಮೊದಲು ಚಕ್ರಕ್ಕೆ ಅಡ್ಡ ಕೊಡಿ. ಇಳಿಜಾರಿನ ಕೆಳಬದಿಯಿಂದ, ಎರಡು ಚಕ್ರಕ್ಕಾದರೂ. ರಸ್ತೆ ಬದಿಯ ಗುಂಡುಕಲ್ಲು ಉರುಳುತ್ತದೆ, ನಂಬಬೇಡಿ. ಚಪ್ಪಟೆ ಮುಖದ ಕಲ್ಲು ಅಥವಾ ಓರೆಯಾಗಿ ಕೊಯ್ದ ಮರದ ತುಂಡು ಬೇಕು. ತೋಟದಲ್ಲಿ ಕಡಿದ ಸಿಲ್ವರ್ ಓಕಿನ ತುಂಡಿನಿಂದ ಇಂಥ ಎರಡು ಅಡ್ಡ ಮಾಡಿಸಿ ಡಿಕ್ಕಿಯಲ್ಲಿಟ್ಟುಕೊಳ್ಳಿ. ಖರ್ಚಿಲ್ಲದ ಕೆಲಸ, ಮಳೆಗಾಲದಲ್ಲಿ ಇದಕ್ಕಿಂತ ಉಪಯೋಗದ ಸಾಮಾನು ಕಾರಿನಲ್ಲಿ ಇನ್ನೊಂದಿಲ್ಲ. ಮಕ್ಕಳನ್ನು ಗಾಡಿಯಿಂದ ಇಳಿಸಿ. ಗಾಡಿಯ ಕೆಳಬದಿಯಲ್ಲಿ ಯಾರೂ ನಿಲ್ಲದಂತೆ ನೋಡಿಕೊಳ್ಳಿ, ಫೋನ್ ಹಿಡಿದು ಸಲಹೆ ಕೊಡುವವರು ಕೂಡ.

ಪಿಯಿಂದ ಲಿವರ್ ಬರುತ್ತಿಲ್ಲ

ಇಗ್ನಿಷನ್ ಆನ್ ಮಾಡಿ, ಬ್ರೇಕ್ ಪೆಡಲನ್ನು ಪೂರ್ತಿ ಒತ್ತಿ, ಲಿವರಿನ ಬದಿಯಲ್ಲಿ ಕಿವಿಗೊಟ್ಟು ಕೇಳಿ. ಬಹುತೇಕ ಕಾರುಗಳಲ್ಲಿ ಬ್ರೇಕ್ ಒತ್ತಿದ ಕ್ಷಣ ಸಣ್ಣದಾಗಿ "ಟಿಕ್" ಎನ್ನುತ್ತದೆ. ಲಿವರನ್ನು ಪಿಯಲ್ಲಿ ಹಿಡಿದಿಟ್ಟ ಬೀಗವನ್ನು ಒಂದು ಸಾಲೆನಾಯ್ಡ್ (ಕರೆಂಟು ಹರಿದಾಗ ಎಳೆಯುವ ಸಣ್ಣ ಸಾಧನ) ಬಿಡಿಸುವ ಸದ್ದು ಅದು. ಮುಂದಿನ ಹುಡುಕಾಟವೆಲ್ಲ ಈ ಟಿಕ್ ಕೇಳಿತೋ ಇಲ್ಲವೋ ಎಂಬುದರ ಮೇಲೆ ನಿಂತಿದೆ.

ಟಿಕ್ ಕೇಳಿಸಿತು, ಆದರೂ ಲಿವರ್ ಕಲ್ಲಿನಂತೆ ಬಿಗಿಯಾಗಿದೆ, ಗಾಡಿ ಏರಿನಲ್ಲಿದೆ ಎಂದಾದರೆ ಕೆಟ್ಟಿರುವುದು ಏನೂ ಇಲ್ಲ. ಗಾಡಿಯ ಭಾರ ಕೊಕ್ಕೆಯ ಮೇಲೆ ಕೂತಿದೆ, ಅಷ್ಟೆ. ಎಂಜಿನ್ ಚಾಲೂ ಮಾಡಿ, ಬ್ರೇಕನ್ನು ಜೋರಾಗಿ ಒತ್ತಿ ಹಿಡಿದು, ಲಿವರಿನ ಗುಂಡಿಯನ್ನು ಪೂರ್ತಿ ಅದುಮಿ ಒಂದೇ ಸಮನಾಗಿ ಎಳೆಯಿರಿ. ಜರ್ಕ್ ಕೊಡಬೇಡಿ, ಗುದ್ದಬೇಡಿ. ಸಾಮಾನ್ಯವಾಗಿ "ಡಬ್" ಎಂದು ಬಿಡಿಸಿಕೊಳ್ಳುತ್ತದೆ. ಆಗಲಿಲ್ಲವಾದರೆ ಭಾರ ಇಳಿಸಲೇಬೇಕು. ಇಲ್ಲಿ ಜನ ಮಾಡುವ ಅಪಾಯದ ಕೆಲಸವೆಂದರೆ ನಾಲ್ಕು ಜನ ಕೆಳಬದಿಗೆ ನಿಂತು ಗಾಡಿಯನ್ನು ಮೇಲಕ್ಕೆ ತಳ್ಳುವುದು. ಕೊಕ್ಕೆ ಬಿಡುವ ಕ್ಷಣದಲ್ಲಿ ಅವರೇ ಗಾಡಿಯ ದಾರಿಯಲ್ಲಿರುತ್ತಾರೆ. ಅದರ ಬದಲು ಮೇಲ್ಬದಿಯಲ್ಲಿ ಒಂದು ಜೀಪನ್ನೋ ಪಿಕಪ್ಪನ್ನೋ ನಿಲ್ಲಿಸಿ, ಟೋ ಹುಕ್ಕಿಗೆ ಹಗ್ಗ ಕಟ್ಟಿ ನಿಧಾನವಾಗಿ ಎಳೆಸಿ. ಬಿಗಿಯಾದ ಹಗ್ಗದ ಪಕ್ಕ ಯಾರೂ ನಿಲ್ಲಬಾರದು. ಒಂದೆರಡು ಇಂಚು ಸರಿದರೆ ಸಾಕು. ಸೀಟಿನಲ್ಲಿರುವವರು ಆಗ ಬ್ರೇಕ್ ಒತ್ತಿ ಹಿಡಿದು ಲಿವರ್ ತೆಗೆಯಬೇಕು, ಆಮೇಲೆ ಹಗ್ಗ ಸಡಿಲಿಸಬೇಕು.

ಟಿಕ್ ಕೇಳಿಸಲೇ ಇಲ್ಲ ಎಂದಾದರೆ ದೋಷ ಬಹುತೇಕ ವಿದ್ಯುತ್ತಿನದು. ಈಗ ಹಿಂದಿನ ಬ್ರೇಕ್ ದೀಪ ನೋಡಿ. ಒಬ್ಬರೇ ಇದ್ದರೆ ಕತ್ತಲಲ್ಲಿ ಗೋಡೆ ಅಥವಾ ದರೆಯ ಮೇಲೆ ಬೀಳುವ ಕೆಂಪು ಬೆಳಕು ಕನ್ನಡಿಯಲ್ಲಿ ಕಾಣುತ್ತದೆ. ಬ್ರೇಕ್ ಒತ್ತಿದರೂ ಒಂದು ದೀಪವೂ ಹೊತ್ತುವುದಿಲ್ಲವಾದರೆ ಸಂಶಯ ಎರಡೇ ಕಡೆ: ಸ್ಟಾಪ್ ಲ್ಯಾಂಪ್ ಫ್ಯೂಸ್, ಅಥವಾ ಪೆಡಲಿನ ಮೇಲ್ಗಡೆ ಕೂತಿರುವ ಬ್ರೇಕ್ ಸ್ವಿಚ್. ಒಂದು ಸ್ವಿಚ್ ದೀಪಕ್ಕೂ ಗೇರ್ ಬೀಗಕ್ಕೂ ಸುದ್ದಿ ಕೊಡುತ್ತದೆ, ಹಾಗಾಗಿ ಎರಡೂ ಒಟ್ಟಿಗೆ ಸಾಯುತ್ತವೆ. ಫ್ಯೂಸ್ ಡಬ್ಬಿಯ ಮುಚ್ಚಳದ ಒಳಮೈಯಲ್ಲಿ ಯಾವುದು ಯಾವುದಕ್ಕೆ ಎಂಬ ನಕ್ಷೆ ಇರುತ್ತದೆ. ಅದೇ ಆಂಪಿಯರಿನ ಫ್ಯೂಸ್ ಹಾಕಿ. 10ರ ಜಾಗಕ್ಕೆ 20 ಹಾಕಿದರೆ ಮುಂದಿನ ಸಲ ಸುಡುವುದು ವೈರ್. ಹೊಸ ಫ್ಯೂಸೂ ತಕ್ಷಣ ಹೋದರೆ ಎಲ್ಲೋ ವೈರ್ ಬಾಡಿಗೆ ತಗಲುತ್ತಿದೆ. ತೋಟದ ಶೆಡ್ಡಿನಲ್ಲಿ ನಿಲ್ಲುವ ಗಾಡಿಗಳಲ್ಲಿ ಇಲಿ ಕಡಿದ ವೈರು ನೋಡದೆ ಬೇರೆ ಏನನ್ನೂ ಬದಲಿಸಬೇಡಿ.

ಬ್ರೇಕ್ ದೀಪ ಸರಿಯಾಗಿ ಹೊತ್ತುತ್ತಿದೆ, ಟಿಕ್ ಮಾತ್ರ ಇಲ್ಲ ಎಂದಾದರೆ ಬ್ಯಾಟರಿ ಅಳೆಯಿರಿ. ರಾತ್ರಿಯೆಲ್ಲ ವಿಶ್ರಾಂತಿಯಲ್ಲಿದ್ದ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. 12ಕ್ಕಿಂತ ಕೆಳಗಿಳಿದಿದ್ದರೆ ಅದು ಬಹುತೇಕ ಖಾಲಿ. ಡ್ಯಾಶ್‌ಬೋರ್ಡ್ ದೀಪ ಮಿಣುಕುವಷ್ಟು ಶಕ್ತಿ ಇದ್ದರೂ ಸಾಲೆನಾಯ್ಡ್ ಎಳೆಯುವುದಿಲ್ಲ. ಜಂಪ್ ಸ್ಟಾರ್ಟ್ ಒಂದೇ ದಾರಿ. ಪಿ ಇರುವ ಆಟೋಮ್ಯಾಟಿಕ್ ಗಾಡಿಯನ್ನು ಇಳಿಜಾರಿನಲ್ಲಿ ಉರುಳಿಸಿ ಸ್ಟಾರ್ಟ್ ಮಾಡಲು ಬರುವುದಿಲ್ಲ, ಪ್ರಯತ್ನವೂ ಬೇಡ. ಬ್ಯಾಟರಿಯೂ ಸರಿ ಇದ್ದರೆ ಸಾಲೆನಾಯ್ಡೋ ಅದರ ವೈರೋ ಕೆಟ್ಟಿದೆ. ಲಿವರಿನ ಗೂಡಿಗೆ ಬಿದ್ದ ನಾಣ್ಯ, ಚೆಲ್ಲಿ ಅಂಟಾದ ಸಿಹಿ ಕಾಫಿ ಕೂಡ ಇದೇ ಲಕ್ಷಣ ತೋರಿಸಬಲ್ಲವು.

ನಡುದಾರಿಯಲ್ಲಿ ಸಿಕ್ಕಿಬಿದ್ದವರಿಗೆ ಅನೇಕ ಕಾರುಗಳಲ್ಲಿ ಒಂದು ಉಪಾಯ ಇಟ್ಟಿದ್ದಾರೆ. ಲಿವರಿನ ಪಕ್ಕ ಉಗುರಿನಗಲದ ಒಂದು ಪ್ಲಾಸ್ಟಿಕ್ ಮುಚ್ಚಳ, ಕೆಲವದರ ಮೇಲೆ "ಶಿಫ್ಟ್ ಲಾಕ್" ಎಂದು ಬರೆದಿರುತ್ತದೆ. ಚಕ್ರಕ್ಕೆ ಅಡ್ಡ ಕೊಟ್ಟು, ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದು, ಬ್ರೇಕ್ ಒತ್ತಿ ಹಿಡಿದು, ಮುಚ್ಚಳ ಎಬ್ಬಿಸಿ ಸ್ಕ್ರೂಡ್ರೈವರಿನಿಂದ ಒಳಗೆ ಒತ್ತುತ್ತಲೇ ಲಿವರನ್ನು ಎನ್‌ಗೆ (ನ್ಯೂಟ್ರಲ್) ತನ್ನಿ. ಎನ್‌ನಲ್ಲೂ ಎಂಜಿನ್ ಚಾಲೂ ಆಗುತ್ತದೆ. ಆದರೆ ಬ್ರೇಕ್ ದೀಪ ಹೊತ್ತದ ಗಾಡಿಯನ್ನು ಈ ಉಪಾಯದಿಂದ ಹೊರಡಿಸಿ ಚಾರ್ಮಾಡಿಯ ಮಂಜಿನೊಳಗೆ ಇಳಿಸಬೇಡಿ. ಹಿಂದೆ ಬರುವ ಬಸ್ಸಿಗೆ ನೀವು ನಿಂತದ್ದು ಕಾಣಿಸುವುದೇ ಇಲ್ಲ. ಕೊಟ್ಟಿಗೆಹಾರದಲ್ಲೇ ನಿಲ್ಲಿಸಿ, ಫ್ಯೂಸ್ ಹಾಕಿಸಿಕೊಂಡು, ಇಲ್ಲವೇ ಸ್ವಿಚ್ ತರಿಸಿಕೊಂಡು ಮುಂದೆ ಹೋಗಿ.

ಇದರ ತಿರುಗುಮುರುಗು ದೋಷವೂ ಒಂದಿದೆ, ಜನ ಗಮನಿಸುವುದು ಕಡಿಮೆ. ಬ್ರೇಕ್ ಒತ್ತದೆಯೇ ಲಿವರ್ ಪಿಯಿಂದ ಸಲೀಸಾಗಿ ಬರುತ್ತದೆ, ಬ್ರೇಕ್ ದೀಪ ಹಗಲೂ ರಾತ್ರಿ ಉರಿಯುತ್ತಿರುತ್ತದೆ. ಕಾಲಡಿಯ ಮ್ಯಾಟಿನ ಮೇಲೆ ಪ್ಲಾಸ್ಟಿಕ್ಕಿನ ಪುಡಿ ಚೂರುಗಳು ಬಿದ್ದಿವೆಯೇ ನೋಡಿ. ಪೆಡಲ್ ತೋಳಿನಲ್ಲಿ ಬ್ರೇಕ್ ಸ್ವಿಚ್ಚನ್ನು ಒತ್ತಿ ಹಿಡಿಯುವ ಒಂದು ಸಣ್ಣ ಬಿರಡೆ ಇರುತ್ತದೆ. ಹಳೆಯದಾದಾಗ ಅದು ಪುಡಿಯಾಗಿ ಉದುರುತ್ತದೆ. ಆಗ ಕಾರು "ಬ್ರೇಕ್ ಒತ್ತಿದ್ದಾರೆ" ಎಂದೇ ತಿಳಿದುಕೊಂಡಿರುತ್ತದೆ. ತೀರಾ ಸಣ್ಣ ಬೆಲೆಯ ಭಾಗ, ಆದರೆ ಮನೆಯಲ್ಲಿ ಮಕ್ಕಳಿದ್ದರೆ ಅದನ್ನು ಹಾಕಿಸುವವರೆಗೆ ಕಾರಿಗೆ ಬೀಗ ಹಾಕಿಯೇ ಇಡಿ.

ಪಿಯಲ್ಲಿದ್ದರೂ ಗಾಡಿ ಜಾರುತ್ತದೆ

ಪಿಗೆ ಹಾಕಿ ಬ್ರೇಕ್ ಬಿಟ್ಟಾಗ ಗಾಡಿ ಕೆಲವು ಇಂಚು ಸರಿದು ತಟ್ಟನೆ ನಿಲ್ಲುವುದು ಸಹಜ. ಕೊಕ್ಕೆ ಹಲ್ಲಿನ ತುದಿಯಿಂದ ಸಂದಿಗೆ ಬೀಳಲು ಅಷ್ಟು ಜಾಗ ಬೇಕು. ಅದಕ್ಕಿಂತ ಹೆಚ್ಚು ಸರಿದರೆ, ಅಥವಾ ಕರ್ರರ್ರ್ ಎಂದು ಹಲ್ಲು ಕೆರೆಯುವ ಸದ್ದು ಬಂದರೆ ತಡ ಮಾಡಬೇಡಿ.

ಪರೀಕ್ಷೆಗೆ ಸಮತಟ್ಟಾದ ಜಾಗ ಬೇಕು. ಕೊಯ್ಲಿಲ್ಲದ ತಿಂಗಳುಗಳಲ್ಲಿ ಖಾಲಿ ಬಿದ್ದಿರುವ ಕಾಫಿ ಕಣ ಇದಕ್ಕೆ ಹೇಳಿ ಮಾಡಿಸಿದ್ದು. ಬ್ರೇಕ್ ಒತ್ತಿಕೊಂಡು ಲಿವರನ್ನು ಪಿ, ಆರ್ (ರಿವರ್ಸ್), ಎನ್, ಡಿ (ಡ್ರೈವ್) ಎಂದು ಒಂದೊಂದರಲ್ಲೂ ನಿಲ್ಲಿಸುತ್ತ, ಡ್ಯಾಶ್‌ಬೋರ್ಡಿನಲ್ಲಿ ಕಾಣುವ ಅಕ್ಷರ ಲಿವರಿನ ಜೊತೆ ಹೊಂದುತ್ತದೆಯೇ ನೋಡಿ. ಅನೇಕ ಗಾಡಿಗಳಲ್ಲಿ ಡ್ಯಾಶ್‌ಬೋರ್ಡಿನ ಅಕ್ಷರ ಬರುವುದು ಗೇರ್‌ಬಾಕ್ಸಿನ ಮೇಲಿರುವ ಸೆನ್ಸಾರಿನಿಂದ. ಲಿವರಿಗೂ ಗೇರ್‌ಬಾಕ್ಸಿಗೂ ನಡುವೆ ಒಂದು ಕೇಬಲ್; ಆ ಕೇಬಲಿನ ತುದಿಯ ಪ್ಲಾಸ್ಟಿಕ್ ಬುಷ್ ಒಡೆದರೆ ಲಿವರ್ ಪಿಗೆ ಬಂದಿರುತ್ತದೆ, ಗೇರ್‌ಬಾಕ್ಸ್ ಇನ್ನೂ ಡಿಯಲ್ಲೋ ಆರ್‌ನಲ್ಲೋ ಉಳಿದಿರುತ್ತದೆ. ಲಿವರ್ ಇದ್ದಕ್ಕಿದ್ದಂತೆ ಬೆಣ್ಣೆಯಲ್ಲಿ ಆಡಿಸಿದ ಹಾಗೆ ಹಗುರಾದರೆ ಬುಷ್ ಹೋಗಿದೆ ಎಂದೇ ತಿಳಿಯಿರಿ. ಎರಡೂ ಹೊಂದದಿದ್ದರೆ ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಅಡ್ಡ ಕೊಟ್ಟು, ಆಮೇಲಷ್ಟೇ ಇಳಿಯಿರಿ.

ಏನೂ ಮುರಿಯದೆಯೂ ಇದು ಆಗಬಹುದು. ಲಿವರ್ ಪಿ ಮತ್ತು ಆರ್ ನಡುವೆ ನಿಂತಿದ್ದರೆ ಚಾಲಕನಿಗೆ ಪಿಯಂತೆ ಕಾಣುತ್ತದೆ; ಎಂಜಿನ್ ಓಡುತ್ತಿದ್ದರೆ ಸ್ವಲ್ಪ ಕಂಪನಕ್ಕೆ ಅದು ಆರ್‌ಗೆ ಜಾರಬಲ್ಲದು. ಅಮೆರಿಕದಲ್ಲಿ ಇಂಥ ದೂರುಗಳು ಎಷ್ಟು ಬೆಳೆದವೆಂದರೆ 1980ರಲ್ಲಿ ಫೋರ್ಡ್ ಕಂಪನಿ ಸರ್ಕಾರದ ಜೊತೆಗಿನ ಒಪ್ಪಂದದಂತೆ ಸುಮಾರು 2.3 ಕೋಟಿ ವಾಹನಗಳ ಮಾಲೀಕರಿಗೆ ಎಚ್ಚರಿಕೆಯ ಚೀಟಿ ಕಳಿಸಬೇಕಾಯಿತು. ಇತ್ತೀಚಿನದೂ ಇದೆ. ಒತ್ತಿ ಬಿಟ್ಟರೆ ಮತ್ತೆ ನಡುವಿಗೇ ಮರಳುವ ಎಲೆಕ್ಟ್ರಾನಿಕ್ ಲಿವರ್ ಇದ್ದ ಜೀಪ್ ಗ್ರ್ಯಾಂಡ್ ಚೆರೋಕಿ ಮತ್ತಿತರ ಮಾದರಿಗಳ 11 ಲಕ್ಷ ಗಾಡಿಗಳನ್ನು 2016ರ ಏಪ್ರಿಲ್‌ನಲ್ಲಿ ಫಿಯಟ್ ಕ್ರೈಸ್ಲರ್ ವಾಪಸ್ ಕರೆಯಿತು. ಅದೇ ಜೂನ್‌ನಲ್ಲಿ ನಟ ಆಂಟನ್ ಯೆಲ್ಚಿನ್ ಲಾಸ್ ಏಂಜಲಿಸ್‌ನ ತನ್ನ ಮನೆಯ ಇಳಿಜಾರಿನಲ್ಲಿ ಅಂಥದೇ ಜೀಪು ಹಿಂದಕ್ಕೆ ಉರುಳಿ ಬಂದು ಸಿಕ್ಕಿ ಸತ್ತ. ಲಿವರ್ ಎಲ್ಲಿದೆ ಎಂದು ಕೈಗೆ ಗೊತ್ತಾಗದ ಗಾಡಿಗಳು ಈಗ ನಮ್ಮಲ್ಲೂ ಇವೆ, ಗುಂಡಿ ಒತ್ತುವವು, ಉರುಟು ತಿರುಗಿಸುವವು. ಅವುಗಳಲ್ಲಿ ಡ್ಯಾಶ್‌ಬೋರ್ಡಿನ ಪಿ ಅಕ್ಷರವನ್ನು ಕಣ್ಣಲ್ಲಿ ನೋಡದೆ ಬಾಗಿಲು ತೆರೆಯಬಾರದು. ಗೇಟು ತೆಗೆಯಲು ಒಂದು ನಿಮಿಷಕ್ಕೆ ಇಳಿಯುವಾಗ ಹೆಚ್ಚು ಎಚ್ಚರ ಬೇಕು. ತೋಟದ ಗೇಟುಗಳು ಏರಿನ ಬುಡದಲ್ಲೋ ತಲೆಯಲ್ಲೋ ಇರುತ್ತವೆ, ಎಂಜಿನ್ ಓಡುತ್ತಲೇ ಇರುತ್ತದೆ.

ಪಿ ಸರಿಯಾಗಿದ್ದೂ ಜಾರುವ ಇನ್ನೊಂದು ಸಂದರ್ಭ ಜಾಕ್ ಹಾಕಿದಾಗ. ಮುಂದಿನ ಚಕ್ರಗಳಿಂದ ಓಡುವ ಕಾರಿನಲ್ಲಿ ಕೊಕ್ಕೆ ಹಿಡಿಯುವುದು ಎರಡು ಚಕ್ರಗಳಿಗೂ ತಿರುಗುವ ಬಲ ಹಂಚುವ ಡಿಫರೆನ್ಷಿಯಲ್‌ಗೆ ಹೋಗುವ ಗೇರನ್ನು. ಮುಂದಿನ ಒಂದು ಚಕ್ರ ನೆಲ ಬಿಟ್ಟರೆ ಅದು ಒಂದು ಕಡೆಗೆ, ನೆಲದ ಮೇಲಿನದು ಇನ್ನೊಂದು ಕಡೆಗೆ ತಿರುಗಲು ಯಾವ ಅಡ್ಡಿಯೂ ಇಲ್ಲ. ಪಿ ಇದ್ದೂ ಇಲ್ಲದಂತೆ. ಮಳೆಗಾಲದ ಕೆಂಪು ಜೇಡಿಯಲ್ಲಿ ಒಂದು ಚಕ್ರಕ್ಕೆ ಹಿಡಿತ ತಪ್ಪಿದರೂ ಇದೇ ಕಥೆ. ಆಗ ಗಾಡಿಯನ್ನು ಹಿಡಿದಿಡುವುದು ಹಿಂದಿನ ಚಕ್ರದ ಹ್ಯಾಂಡ್‌ಬ್ರೇಕ್ ಮತ್ತು ನೀವು ಕೊಟ್ಟ ಅಡ್ಡ ಮಾತ್ರ.

ಕಾದ ಬ್ರೇಕಿನದೂ ಒಂದು ಮಾತು. ಮುಳ್ಳಯ್ಯನಗಿರಿಯಿಂದ ಕೈಮರದವರೆಗೆ ಡಿಯಲ್ಲೇ ಇಟ್ಟು ಬ್ರೇಕ್ ಒತ್ತುತ್ತ ಇಳಿದರೆ ಡಿಸ್ಕ್ ಸುಡುವಷ್ಟು ಕಾಯುತ್ತದೆ. ಹಿಂದೆಯೂ ಡಿಸ್ಕ್ ಇರುವ ಕಾರುಗಳಲ್ಲಿ, ಕಾದಾಗ ಎಳೆದ ಹ್ಯಾಂಡ್‌ಬ್ರೇಕ್ ಡಿಸ್ಕ್ ತಣಿದು ಕುಗ್ಗುತ್ತಿದ್ದಂತೆ ಸಡಿಲವಾಗಬಹುದು. ಟೀ ಕುಡಿದು ಬರುವಷ್ಟರಲ್ಲಿ ಗಾಡಿ ಸರಿದಿರುತ್ತದೆ. ಇಂಥ ಇಳಿತದ ನಂತರ ಪಿ, ಹ್ಯಾಂಡ್‌ಬ್ರೇಕ್, ಅಡ್ಡ ಮೂರೂ ಬೇಕು. ಸ್ವಲ್ಪ ಹೊತ್ತಿನ ಮೇಲೆ ಹ್ಯಾಂಡ್‌ಬ್ರೇಕನ್ನು ಇನ್ನೊಮ್ಮೆ ಬಿಗಿ ಮಾಡಿ. ಇಳಿಯುವಾಗ ಎಲ್, 2, ಮ್ಯಾನುವಲ್, ಗಾಡಿಯಲ್ಲಿ ಯಾವುದಿದೆಯೋ ಆ ಕೆಳಗಿನ ಗೇರ್ ಹಾಕಿ ಎಂಜಿನ್ನೇ ತಡೆಯುವಂತೆ ಮಾಡಿದರೆ ಈ ತಾಪತ್ರಯ ಹುಟ್ಟುವುದೇ ಇಲ್ಲ. ಶಿರಾಡಿ ಘಾಟಿಯ ಇಳಿತಕ್ಕೂ ಇದೇ ಕ್ರಮ.

ಪಿಯೇ ಇಲ್ಲದ ಗಾಡಿಗಳು

ನಮ್ಮ ಊರುಗಳಲ್ಲಿ ಹೆಚ್ಚು ಕಾಣುವ ಸಣ್ಣ ಆಟೋಮ್ಯಾಟಿಕ್‌ಗಳು ಎಎಂಟಿ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಬಂದು ಹರಡಿದ ಜಾತಿ ಇದು. ಒಳಗೆ ಇರುವುದು ಮಾಮೂಲಿ ಮ್ಯಾನುವಲ್ ಗೇರ್‌ಬಾಕ್ಸೇ; ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸ ಯಂತ್ರದ್ದು. ಬಹುತೇಕ ಮಾದರಿಗಳಲ್ಲಿ ಪಿ ಇಲ್ಲ. ಎನ್‌ಗೆ ಹಾಕಿ ಇಳಿದು ಹೋದವರ ಗಾಡಿಯನ್ನು ಹಿಡಿದಿರುವುದು ಹ್ಯಾಂಡ್‌ಬ್ರೇಕ್ ಒಂದೇ. ಇದನ್ನು ಮ್ಯಾನುವಲ್ ಗಾಡಿಯಂತೆ ಗೇರಿನಲ್ಲೇ ಬಿಡಬೇಕು: ಮೂತಿ ಏರಿನ ಕಡೆಗಿದ್ದರೆ ಮುಂದಿನ ಗೇರ್, ಇಳಿಜಾರಿನ ಕಡೆಗಿದ್ದರೆ ಆರ್. ಬ್ರೇಕ್ ಒತ್ತಿಕೊಂಡೇ ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ಹಾಕಿ, ಡ್ಯಾಶ್‌ಬೋರ್ಡಿನಲ್ಲಿ 1 ಅಥವಾ ಆರ್ ಕಂಡ ಮೇಲೆ ಎಂಜಿನ್ ಆರಿಸಿ. ಬೆಳಿಗ್ಗೆ "ಸ್ಟಾರ್ಟೇ ಆಗ್ತಿಲ್ಲ" ಎಂದರೆ ಮೊದಲು ನೋಡಬೇಕಾದ್ದು ಲಿವರ್. ಬ್ರೇಕ್ ಒತ್ತಿ ಎನ್‌ಗೆ ತಂದರೆ ಬಹಳ ಸಲ ಅಷ್ಟಕ್ಕೇ ಚಾಲೂ ಆಗುತ್ತದೆ.

ಏರಿನಲ್ಲಿ ಸಾಲುಗಟ್ಟಿ ನಿಂತಾಗ ಸುಟ್ಟ ವಾಸನೆ ಬಂದರೆ ಅದು ಕ್ಲಚ್. ಎಎಂಟಿ, ಡಿಸಿಟಿ (ಎರಡು ಕ್ಲಚ್ಚಿನ ಆಟೋಮ್ಯಾಟಿಕ್) ಎರಡರಲ್ಲೂ ಆಕ್ಸಿಲರೇಟರ್ ಹದವಾಗಿ ಒತ್ತಿ ಗಾಡಿಯನ್ನು ಏರಿನಲ್ಲಿ ತೂಗಿ ನಿಲ್ಲಿಸುವವರು ಕ್ಲಚ್ಚನ್ನೇ ಅರೆಯುತ್ತಿರುತ್ತಾರೆ. ರಜೆಯ ದಿನ ಗಿರಿ ದಾರಿಯ ಸಾಲಿನಲ್ಲಿ ಈ ವಾಸನೆ ಸಾಮಾನ್ಯ. ಬದಿಗೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕಾಲು ಗಂಟೆ ತಣಿಯಲು ಬಿಡಿ. ಆಮೇಲೆ ಮುಂದಿನ ಗಾಡಿ ಪೂರ್ತಿ ಜಾಗ ಬಿಟ್ಟ ಮೇಲೆ ಒಂದೇ ಸಲಕ್ಕೆ ಹೊರಡಿ, ಅಂಗುಲ ಅಂಗುಲ ತೆವಳಬೇಡಿ.

ಇನ್ನೆರಡು ಸಣ್ಣ ದೂರುಗಳು

ಕೀ ಹೊರಗೆ ಬರುವುದಿಲ್ಲ: ಲಿವರ್ ಪಿಗೆ ಪೂರ್ತಿ ಕೂತಿಲ್ಲ, ಅಥವಾ ಅಲ್ಲಿನ ಮೈಕ್ರೋಸ್ವಿಚ್ ಹೋಗಿದೆ. ಲಿವರನ್ನು ಇನ್ನೊಮ್ಮೆ ಪಿಗೆ ಒತ್ತಿ ನೋಡಿ. ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಗಾಡಿಗಳಲ್ಲಿ ಪಿ ಬಿಟ್ಟು ಬೇರೆಯದರಲ್ಲಿ ಆರಿಸಿದರೆ ಕರೆಂಟು ಪೂರ್ತಿ ಕಡಿಯದೆ ಉಳಿಯಬಹುದು. ಬೆಳಿಗ್ಗೆ ಬ್ಯಾಟರಿ ಸತ್ತಿರುವುದಕ್ಕೆ ಅದೂ ಒಂದು ಕಾರಣ.

ಆಷಾಢದ ಮಳೆಯಲ್ಲಿ ನಾಲ್ಕು ದಿನ ನಿಂತ ಗಾಡಿ ಡಿಗೆ ಹಾಕಿದರೂ ಕದಲದೆ ಹಿಂಭಾಗ ಕುಗ್ಗಿದಂತಾದರೆ ಹಿಂದಿನ ಡ್ರಮ್ಮಿಗೆ ಬ್ರೇಕ್ ಶೂ ತುಕ್ಕಿನಿಂದ ಅಂಟಿದೆ. ಗೇರ್‌ಬಾಕ್ಸಿನ ತಪ್ಪಲ್ಲ, ಎಂಜಿನ್ ರೇಸ್ ಮಾಡಬೇಡಿ. ಹ್ಯಾಂಡ್‌ಬ್ರೇಕ್ ಇಳಿಸಿ, ಆರ್‌ಗೊಮ್ಮೆ ಡಿಗೊಮ್ಮೆ, ನಡುವೆ ಪೂರ್ತಿ ನಿಲ್ಲಿಸುತ್ತ ಮೆಲ್ಲಗೆ ಬಿಡಿಸಿ. ಟಕ್ ಎಂದು ಬಿಡುತ್ತದೆ. ಸಮತಟ್ಟಾದ ಶೆಡ್ಡಿನಲ್ಲಿ ಬಹಳ ದಿನ ನಿಲ್ಲಿಸುವುದಾದರೆ ಪಿ ಮತ್ತು ಎರಡೂ ಕಡೆಯ ಅಡ್ಡ ಸಾಕು, ಹ್ಯಾಂಡ್‌ಬ್ರೇಕ್ ಬೇಡ. ಇದು ಶೆಡ್ಡಿಗೆ ಮಾತ್ರ, ಏರಿಗಲ್ಲ.

ನಿಲ್ಲಿಸುವ ಕ್ರಮ

ಬ್ರೇಕ್ ಒತ್ತಿ ಗಾಡಿ ಪೂರ್ತಿ ನಿಲ್ಲಲಿ. ಎನ್‌ಗೆ ಹಾಕಿ. ಹ್ಯಾಂಡ್‌ಬ್ರೇಕ್ ಎಳೆಯಿರಿ. ಪೆಡಲಿನಿಂದ ಕಾಲನ್ನು ನಿಧಾನ ಸಡಿಲಿಸಿ. ಗಾಡಿ ಹ್ಯಾಂಡ್‌ಬ್ರೇಕಿನ ಮೇಲೆ ಕೂರುವುದು ನಿಮಗೇ ತಿಳಿಯುತ್ತದೆ. ಮತ್ತೆ ಬ್ರೇಕ್ ಒತ್ತಿ ಪಿಗೆ ಹಾಕಿ, ಆರಿಸಿ. ಹೊರಡುವಾಗ ಬ್ರೇಕ್ ಒತ್ತಿ, ಚಾಲೂ ಮಾಡಿ, ಮೊದಲು ಪಿಯಿಂದ ಲಿವರ್ ತೆಗೆದು ಆಮೇಲೆ ಹ್ಯಾಂಡ್‌ಬ್ರೇಕ್ ಇಳಿಸಿ. ಈ ಕ್ರಮದಲ್ಲಿ ಭಾರ ಕೊಕ್ಕೆಯನ್ನು ಮುಟ್ಟುವುದೇ ಇಲ್ಲ. ಬ್ರೇಕಿಗೂ ಆಕ್ಸಿಲರೇಟರಿಗೂ ಬಲಗಾಲೊಂದೇ ಸಾಕು, ಎಡಗಾಲು ಸುಮ್ಮನಿರಲಿ.

ಸ್ಟೀರಿಂಗ್ ತಿರುಗಿಸಿ ನಿಲ್ಲಿಸುವ ನಿಯಮ ಪುಸ್ತಕದಲ್ಲಿರುವುದು ಫುಟ್‌ಪಾತಿನ ಕಟ್ಟೆ ಇರುವ ಪೇಟೆ ರಸ್ತೆಗೆ. ಹಾಸನದ ಬಿ.ಎಂ. ರಸ್ತೆಯಂಥಲ್ಲಿ ಎಡಗಡೆ ನಿಲ್ಲಿಸಿ, ಇಳಿಜಾರಿದ್ದರೆ ಚಕ್ರ ಕಟ್ಟೆಯ ಕಡೆಗೆ, ಏರಿದ್ದರೆ ಕಟ್ಟೆಯಿಂದ ಆಚೆಗೆ ತಿರುಗಿಸಬಹುದು. ಗಿರಿಯ ದಾರಿಯಲ್ಲಿ ಎಡಗಡೆ ಕಣಿವೆ ಇದ್ದರೆ ಅಂಚಿನ ಕಡೆ ತಿರುಗಿದ ಚಕ್ರ ಗಾಡಿಯನ್ನು ಕಣಿವೆಗೇ ಒಯ್ಯುತ್ತದೆ. ಅಲ್ಲಿ ನಿಲ್ಲಿಸಲೇಬೇಡಿ, ಎಡಗಡೆ ದರೆ ಸಿಗುವವರೆಗೆ ಮುಂದೆ ಹೋಗಿ, ಚಕ್ರವನ್ನು ದರೆಯ ಕಡೆ ತಿರುಗಿಸಿ ಬಿಡಿ. ಏರಿನಲ್ಲಿ ಹಿಂದಕ್ಕೆ ಜಾರಿದರೂ ಎಡಕ್ಕೆ ತಿರುಗಿದ ಚಕ್ರ ಹಿಂಭಾಗವನ್ನು ದರೆಗೇ ಒರಗಿಸುತ್ತದೆ.

ಇಷ್ಟಾಗಿಯೂ ಗಾಡಿ ಹೊರಡದೆ ಟೋ ಮಾಡಿಸಬೇಕಾಗಿ ಬಂದರೆ, ಕರೆ ಮಾಡುವಾಗಲೇ ಆಟೋಮ್ಯಾಟಿಕ್ ಎಂದು ಹೇಳಿ ಫ್ಲ್ಯಾಟ್‌ಬೆಡ್ ಕೇಳಿ. ಎಂಜಿನ್ ಓಡದಿದ್ದರೆ ಬಹುತೇಕ ಗೇರ್‌ಬಾಕ್ಸುಗಳಲ್ಲಿ ಎಣ್ಣೆ ಪಂಪ್ ತಿರುಗುವುದಿಲ್ಲ, ಚಾಲಕ ಚಕ್ರಗಳು ನೆಲದ ಮೇಲೆ ಉರುಳುತ್ತ ಹೋದರೆ ಒಳಗಿನ ಭಾಗಗಳು ಎಣ್ಣೆಯಿಲ್ಲದೆ ಸವೆಯುತ್ತವೆ. ಫ್ಲ್ಯಾಟ್‌ಬೆಡ್ ಸಿಗದೆ ಕ್ರೇನೇ ಗತಿ ಎಂದಾದರೆ, ಮುಂದಿನ ಚಕ್ರಗಳಿಂದ ಓಡುವ ಕಾರನ್ನು ಮುಂಭಾಗ ಎತ್ತಿಯೇ ಒಯ್ಯಲಿ, ಹ್ಯಾಂಡ್‌ಬ್ರೇಕ್ ಇಳಿಸಿದೆಯೇ ಎಂದು ಹೊರಡುವ ಮೊದಲು ನೀವೇ ನೋಡಿ.